ನರೆ ಎಂಬುದು ಯಾವ ಪದ?

ಮೊನ್ನೆ ರವಿವಾರ ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಮೊಮ್ಮಗಳು ಬಂದು ತನ್ನ ವಹಿಯನ್ನು ನನ್ನ ಎದೆಯ ಮೇಲೆ ಇಟ್ಟಳು. ನಮ್ಮ ಚಿಕ್ಕೋಡಿ ಕಡೆ ನೋಟ್‌ಬುಕ್ಕಿಗೆ ಇವತ್ತಿಗೂ ವಹಿ ಎಂದೇ ಹೆಸರು. ಮರಾಠಿಯಿಂದ ಬಂದದ್ದು, ಬಂದು ತಲೆಮಾರುಗಳಾಗಿ ನಮ್ಮದೇ ಆದದ್ದು.

“ಅಜ್ಜಾ, ಅಕ್ಕೋರು ತಪ್ಪ ಹಾಕ್ಯಾರ. ನಾ ಬರದದ್ದ ಖರೇನ ತಪ್ಪ ಐತೇನ?” ಎಂದಳು. ಮುಖ ಸಣ್ಣದಾಗಿತ್ತು.

ವಹಿಯಲ್ಲಿ ಮೂರು ಮನೆಯ ಕೋಷ್ಟಕ: ನಾಮಪದ, ಗುಣವಾಚಕ, ಕ್ರಿಯಾಪದ. ಮೇಲೆ ಹತ್ತು ಪದ ಕೊಟ್ಟಿದ್ದರು. ಕೂದಲು, ಜಡೆ, ಕಪ್ಪು, ಕೆಂಪು, ಹಳದಿ, ಗುಂಗುರು, ಬೆಳ್ಳಗೆ, ನರೆ, ಬಾಚು, ಬಣ್ಣ. ಎಲ್ಲವೂ ತಲೆಗೆ ಮತ್ತು ಬಣ್ಣಕ್ಕೆ ಸೇರಿದ ಪದಗಳು, ಆಯ್ದವರಿಗೆ ಮಕ್ಕಳ ಮನಸ್ಸು ಗೊತ್ತಿದೆ. ಹುಡುಗಿ ಕಪ್ಪು, ಕೆಂಪು ಎರಡನ್ನೂ ನಾಮಪದದ ಮನೆಗೆ ಹಾಕಿದ್ದಳು. ಅಲ್ಲಿ ಕಾಟು ಬಿದ್ದಿತ್ತು. ನರೆಯನ್ನು ನಾಮಪದದಲ್ಲೂ ಬರೆದು, ಕ್ರಿಯಾಪದದಲ್ಲೂ ಬರೆದು, ಎರಡಕ್ಕೂ ಕಾಟು ತಿಂದಿದ್ದಳು. ಬೆಳ್ಳಗೆ ಎಂಬುದನ್ನು ಎಲ್ಲಿಯೂ ಬರೆಯದೆ ಕೋಷ್ಟಕದ ಹೊರಗೆ, ಅಂಚಿನಲ್ಲಿ, ಒಂದು ಪ್ರಶ್ನೆಯ ಚಿಹ್ನೆ ಹಚ್ಚಿ ನಿಲ್ಲಿಸಿದ್ದಳು.

ಹೈಸ್ಕೂಲಿನಲ್ಲಿ 32 ವರ್ಷ ಕನ್ನಡ ಕಲಿಸಿದವನು ನಾನು. ಇಂಥ ಕೋಷ್ಟಕ ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಕಪ್ಪು ಗುಣವಾಚಕ, ಕೂದಲು ನಾಮಪದ, ಬಾಚು ಕ್ರಿಯಾಪದ ಎಂದು ಕಣ್ಣು ಮುಚ್ಚಿ ಸರಿ ಹಾಕಿದವನು. ಆ ಅಕ್ಕೋರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹುಡುಗಿ ಅಂಚಿನಲ್ಲಿ ಹಾಕಿದ ಆ ಪ್ರಶ್ನೆಯ ಚಿಹ್ನೆ ನನ್ನ ನಿದ್ದೆ ಕೆಡಿಸಿತು. ಅವಳು ಬರೆದದ್ದರಲ್ಲಿ ತಪ್ಪಿಗಿಂತ ಸರಿಯೇ ಹೆಚ್ಚು ಎಂದು ನನಗೆ ಖಾತ್ರಿಯಾಗಲು ಆ ಇಡೀ ಸಂಜೆ ಬೇಕಾಯಿತು.

ಕಪ್ಪಿನಿಂದಲೇ ಶುರು ಮಾಡುತ್ತೇನೆ. ತಂಪು, ಇಂಪು, ಬಿಸುಪು, ಹೊಳಪು, ಮುಪ್ಪು, ನೆನಪು. ಇವೆಲ್ಲ ನಾಮಪದಗಳೆಂದು ಯಾರೂ ತಕರಾರು ಮಾಡುವುದಿಲ್ಲ. ತಣ್ ಎಂಬುದಕ್ಕೆ ಪು ಸೇರಿ ತಂಪಾಯಿತು, ಇನಿಗೆ ಪು ಸೇರಿ ಇಂಪಾಯಿತು, ನೆನೆಗೆ ಪು ಸೇರಿ ನೆನಪಾಯಿತು. ಇದೇ ಒಲೆಯಲ್ಲಿ ಬೆಂದದ್ದು ಕೆಂಪು: ಕೆನ್ ಎಂಬುದಕ್ಕೆ ಪು ಸೇರಿದ್ದು. ಬಿಳುಪು ಹಾಗೆಯೇ. ಕಪ್ಪು ಎಂಬುದು ಹಳಗನ್ನಡದಲ್ಲಿ ಕರ್ಪು. ಕರ್ ಎಂಬುದಕ್ಕೆ ಪು. ಹುಟ್ಟಿನಿಂದಲೇ ಅದು ನಾಮಪದ. ಕಪ್ಪಿಗೆ, ಕಪ್ಪಿನಲ್ಲಿ, ಕಪ್ಪಿನಿಂದ ಎಂದು ವಿಭಕ್ತಿಯನ್ನೂ ಹೊರುತ್ತದೆ. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ತೆಗೆದ ಮಸಿಗೂ ಅದೇ ಹೆಸರು: ಕೂಸಿನ ಕಣ್ಣಿಗೆ ಕಪ್ಪು ಹಚ್ಚುತ್ತೇವೆ. ಬೆರಳಿಗೆ ಹತ್ತುವ, ಕೆನ್ನೆಗೆ ಒರೆಸುವ ಕಪ್ಪು ವಸ್ತುವಲ್ಲದೆ ಮತ್ತೇನು? ಕಪ್ಪು ಕೂದಲು ಎಂದಾಗ ಆ ನಾಮಪದ ಗುಣವಾಚಕದ ಕೆಲಸ ಮಾಡಿಕೊಡುತ್ತದೆ, ಸರಿ. ಬೆಳ್ಳಿ ಲೋಟ ಎಂದಾಗ ಬೆಳ್ಳಿಯೂ ಅದನ್ನೇ ಮಾಡುತ್ತದೆ. ಅಷ್ಟಕ್ಕೇ ಬೆಳ್ಳಿಯನ್ನು ನಾಮಪದದ ಮನೆಯಿಂದ ಹೊರಗೆ ಹಾಕಿದವರುಂಟೆ?

ಹಾಗಾದರೆ ಬಣ್ಣಕ್ಕೆ ನಮ್ಮಲ್ಲಿ ಗುಣವಾಚಕವೇ ಇಲ್ಲವೆ ಎಂದರೆ, ಇದೆ. ನಮ್ಮ ಭಾಗದ ಮಂದಿ ಕಪ್ಪು ಎನ್ನುವುದು ಕಡಿಮೆ, ಕರಿ ಎನ್ನುತ್ತಾರೆ. ಕರಿ ಕಂಬಳಿ, ಕರಿ ಎಮ್ಮಿ, ಕರಿ ಕೂದಲಾ. ಈ ಕರಿ ಮತ್ತು ಬಿಳಿ ಬೇರೆ ಜಾತಿಯವು. ಹೊಸ, ಹಳೆ, ದೊಡ್ಡ, ಚಿಕ್ಕ ಇವುಗಳ ದಾಯಾದಿಗಳು. ಹೊಸದು, ದೊಡ್ಡದು ಎಂದಂತೆ ಕರಿದು, ಬಿಳಿದು ಎಂದು ನೇರವಾಗಿ ದು ಹಚ್ಚಿಕೊಳ್ಳುತ್ತವೆ. ಕೆಂಪಿಗೆ ಹಾಗೆ ಮಾಡಲು ಬಾರದು. ಅಥಣಿಯ ಸಂತೆಯಲ್ಲಿ ರಿಬ್ಬನ್ ಕೊಳ್ಳುವ ಹೆಂಗಸಿನ ಮಾತು ಕೇಳಿಸಿಕೊಳ್ಳಿ: “ಆ ಕರೇದ ಬ್ಯಾಡ, ಕೆಂಪಂದ ಕೊಡ್ರಿ.” ಕರೇದ ಎಂಬುದು ಹೊಸದ ಎಂಬ ಹಾಗೆ; ಕೆಂಪಂದ ಎಂಬುದು ಅಣ್ಣಂದ, ಮಗಂದ ಎಂಬ ಹಾಗೆ. ಒಂದೇ ಉಸಿರಿನಲ್ಲಿ, ಎರಡು ರಿಬ್ಬನ್ನುಗಳ ನಡುವೆ, ಆಕೆ ಗುಣವಾಚಕವನ್ನೂ ನಾಮಪದವನ್ನೂ ಬೇರೆ ಮಾಡಿ ಕೊಟ್ಟಳು. ಬಿಳಿ ಮಾತ್ರ ಈಗೀಗ ನಾಮಪದದ ಸಾಲಿನಲ್ಲೂ ಕೂಡುತ್ತಿದೆ, ಬಿಳಿಗೆ ನೀಲಿ ಹೊಂದುತ್ತದೆ ಎನ್ನುವವರಿದ್ದಾರೆ. ಕರಿ ಇನ್ನೂ ತನ್ನ ಜಾಗ ಬಿಟ್ಟಿಲ್ಲ.

ಡಿಕ್ಸನ್ ಎಂಬ ಭಾಷಾವಿಜ್ಞಾನಿ 1977ರಲ್ಲಿ ಗುಣವಾಚಕಗಳು ಎಲ್ಲಿ ಹೋದವು ಎಂದು ಕೇಳಿ ಒಂದು ಪ್ರಬಂಧ ಬರೆದರು. ಗುಣವಾಚಕಗಳು ಬೆರಳೆಣಿಕೆಯಷ್ಟೇ ಇರುವ ಭಾಷೆಗಳಲ್ಲಿ ಇರುವ ಆ ಕೆಲವು ಪದಗಳು ಸಾಮಾನ್ಯವಾಗಿ ಗಾತ್ರ, ವಯಸ್ಸು, ಒಳ್ಳೆಯದು ಕೆಟ್ಟದ್ದು ಮತ್ತು ಬಣ್ಣ, ಈ ನಾಲ್ಕಕ್ಕೆ ಸೇರಿರುತ್ತವೆ ಎಂಬುದು ಅವರು ಕಂಡ ಸಂಗತಿ. ದೊಡ್ಡ ಚಿಕ್ಕ, ಹೊಸ ಹಳೆ, ಒಳ್ಳೆ ಕೆಟ್ಟ, ಕರಿ ಬಿಳಿ. ನಮ್ಮ ಮನೆಯ ಮಾತೇ ಅದು. ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಗುಣಪದಗಳ ಬಗ್ಗೆ ಅವರು ಬರೆದ ಇಂಗ್ಲಿಷ್ ಗ್ರಂಥ 1994ರದು. ಸಂಸ್ಕೃತದ ಅಳತೆಗೋಲಿನಿಂದ, ಆಮೇಲೆ ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡವನ್ನು ಅಳೆದು ಗಿಡ್ಡವೆಂದೋ ಉದ್ದವೆಂದೋ ಹೇಳುವುದು ತರವಲ್ಲ ಎಂಬ ಅವರ ಹಟ ನನಗೆ ಕೆಲಸದಲ್ಲಿದ್ದಾಗ ಅತಿಯೆನಿಸುತ್ತಿತ್ತು. ಈಗ ಮೊಮ್ಮಗಳ ವಹಿ ನೋಡಿದ ಮೇಲೆ ಹಾಗೆನ್ನಿಸುವುದಿಲ್ಲ.

ಇನ್ನು ಆ ಅಂಚಿನಲ್ಲಿ ನಿಂತಿದ್ದ ಬೆಳ್ಳಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದರ ವ್ಯಾಕರಣ ನೋಡಿ. ಬಿಳಿಯೆಲ್ಲ ಹಾಲಲ್ಲ ಎನ್ನಲಿಲ್ಲ. ಬೆಳ್ಳಗೆ ಇರುವುದೆಲ್ಲ ಎಂದಿತು. ಬೆಳ್ಳಗೆ ಇರು ಎಂಬುದು ಸುಮ್ಮಗೆ ಇರು, ತಣ್ಣಗೆ ಇರು, ಮೆಲ್ಲಗೆ ನಡೆ ಎಂಬುದರ ಜೋಡಿ. ಬಣ್ಣವನ್ನು ವಸ್ತುವಿಗೆ ಅಂಟಿಸಿದ ಚೀಟಿಯ ಹಾಗೆ ಕಾಣದೆ, ವಸ್ತು ಇರುವ ರೀತಿಯಾಗಿ ಕಂಡ ಮಾತು ಇದು. ಅಜ್ಜಿಯ ತಲೆ ಬೆಳ್ಳಗಿದೆ ಎಂದಾಗ ಅಜ್ಜಿಯ ತಲೆ ಬೆಳ್ಳಗೆ ಇರುವ ಕೆಲಸವನ್ನು ಮಾಡುತ್ತಿದೆ. ನಾಮಪದ, ಗುಣವಾಚಕ, ಕ್ರಿಯಾಪದ ಎಂಬ ಮೂರು ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಹುಡುಗಿ ಹೊರಗೆ ನಿಲ್ಲಿಸಿದ್ದು ಸರಿ.

ಈ ಗೆ ಎಂಬ ಒಂದಕ್ಷರ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ನಮ್ಮ ಕಡೆ ಅದು ಗ ಆಗುತ್ತದೆ. ಕರ್ರಗ, ಬೆಳ್ಳಗ, ಕೆಂಪಗ, ಹಚ್ಚಗ. ಅಲ್ಲಿಗೆ ಮುಗಿಯಿತು. ನೀಲಿಗೆ ಎಂದರೆ ನೀಲಿ ಎಂಬ ಹುಡುಗಿಗೆ ಏನೋ ಕೊಟ್ಟ ಹಾಗಾಗುತ್ತದೆ. ಹಳದಿಗೆ, ಗುಲಾಬಿಗೆ ಎಂದರೂ ಚತುರ್ಥಿಯೇ, ಬಣ್ಣದ ರೀತಿಯಲ್ಲ. ಅವಕ್ಕೆಲ್ಲ ನೀಲಿ ಬಣ್ಣದ್ದು, ಹಳದಿ ಆಗೈತಿ ಎಂದು ಸುತ್ತಿ ಬಳಸಿ ಹೇಳಬೇಕು. ಏಕೆಂದರೆ ನೀಲಿ ಸಂಸ್ಕೃತದಿಂದ ಬಂದ ನೆಂಟ, ಹಳದಿ ಹರಿದ್ರೆಯಿಂದ ಪ್ರಾಕೃತದ ಓಣಿ ಹಿಡಿದು ಬಂದ ನೆಂಟ. ಗೆ ಹಚ್ಚಿಸಿಕೊಳ್ಳುವ ಹಕ್ಕು ಮನೆಮಕ್ಕಳಿಗೆ ಮಾತ್ರ. ಬರ್ಲಿನ್ ಮತ್ತು ಕೇ ಎಂಬಿಬ್ಬರು 1969ರಲ್ಲಿ ಲೋಕದ ಹಲವು ಭಾಷೆಗಳ ಬಣ್ಣದ ಹೆಸರುಗಳನ್ನು ಹೋಲಿಸಿ ಹೇಳಿದ್ದು ಇಷ್ಟು: ಮೊದಲು ಕಪ್ಪು ಬಿಳಿ, ಆಮೇಲೆ ಕೆಂಪು, ಆಮೇಲೆ ಹಸಿರು ಅಥವಾ ಹಳದಿ, ನೀಲಿ ಬರುವುದು ಆ ನಂತರ. ಅವರ ಮಾತಿಗೆ ತಕರಾರುಗಳೂ ಬಂದವು. ಆದರೆ ನಮ್ಮ ಗೆ ಪ್ರತ್ಯಯ ಅದೇ ಸಾಲಿನಲ್ಲಿ ನಿಂತು, ನೀಲಿಯ ಹೊಸ್ತಿಲಲ್ಲಿ ತಡೆದುಬಿಡುತ್ತದೆ. ಇದನ್ನು ಕಂಡ ದಿನ ನನಗೆ ಹಳೆಯ ಬಾವಿಯ ಕಟ್ಟೆಯ ಮೇಲೆ ಹಗ್ಗದ ಗುರುತು ನೋಡಿದಷ್ಟು ಖುಷಿಯಾಯಿತು.

ಹಳದಿಯ ಮಾತು ಬಂತು, ಅದನ್ನು ಅವಸರದಲ್ಲಿ ಬಿಡಲು ನಮ್ಮ ಕಡೆಯವನಿಗೆ ಆಗದು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಮಾಘ ಮಾಸ, ಭಾರತ ಹುಣ್ಣಿಮೆಯ ಸುಮಾರು. ಸಾಂಗಲಿ, ಕೊಲ್ಹಾಪುರ, ಸೋಲಾಪುರ ಕಡೆಯಿಂದ ಧನಗರರು, ನಮ್ಮ ಕಡೆಯಿಂದ ಕುರುಬರು, ಎಲ್ಲ ಜಾತಿಯ ಒಕ್ಕಲು ಮಂದಿ. ಹೆಗಲ ಮೇಲೆ ಕರಿ ಕಂಬಳಿ, ಮುಷ್ಟಿಯಲ್ಲಿ ಭಂಡಾರ. ಭಂಡಾರವೆಂದರೆ ಅರಿಷಿಣದ ಪುಡಿ. ಅದನ್ನು ಮೇಲಕ್ಕೆ ತೂರಿದಾಗ ಗುಡಿ, ಶಿಖರ, ರಸ್ತೆ, ಮಂದಿ, ಎತ್ತು ಎಲ್ಲ ಒಂದೇ ಬಣ್ಣ. ಕಾಗವಾಡ ತಾಲೂಕಿನ ಮಂಗಸೂಳಿಯ ಖಂಡೋಬನಿಗೂ ಹಾಗೆಯೇ. ಜಾತ್ರೆಯಿಂದ ಹೊಳ್ಳಿ ಬಂದವರ ತಲೆ ನೋಡಬೇಕು. ಹುಡುಗರ ಕರಿ ಕೂದಲಿನಲ್ಲಿ ಭಂಡಾರ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಬೈತಲೆಯಲ್ಲಿ ಒಂದು ಗೆರೆ ಕಂಡರೆ ಕಂಡೀತು. ಮುದುಕಿಯರ ತಲೆ ಮಾತ್ರ ಬುಡದಿಂದ ತುದಿಯವರೆಗೆ ಹಳದಿಯಾಗಿರುತ್ತದೆ. ನನ್ನ ಅವ್ವ ಎಂಟು ದಿನ ತಲೆ ತೊಳೆಯುತ್ತಿರಲಿಲ್ಲ. ಮಾಯವ್ವನ ಬಣ್ಣ, ತಾನಾಗಿ ಹೋಗಲಿ ಎನ್ನುತ್ತಿದ್ದಳು. ಆ ಎಂಟು ದಿನ ಅವಳು ತಲೆ ಬಾಚಿದಾಗಲೆಲ್ಲ ಹಣಿಗೆಯ ಹಲ್ಲಿನಲ್ಲಿ ಹಳದಿ ಪುಡಿ ಕೂತು, ಬಿಸಿಲಿಗೆ ಹಿಡಿದರೆ ಉದುರುತ್ತಿತ್ತು. ಅದನ್ನೂ ಅವಳು ನೆಲಕ್ಕೆ ಬೀಳಗೊಡದೆ ಅಂಗೈಯಲ್ಲಿ ಹಿಡಿದು ನಮ್ಮ ಹಣೆಗೆ ಹಚ್ಚುತ್ತಿದ್ದಳು.

ಆ ಪುಡಿಗೆ ಅವಳು ಹಳದಿ ಎನ್ನುತ್ತಿರಲಿಲ್ಲ. ಪುಡಿ ಅರಿಷಿಣ, ಅದು ಕೂದಲಿಗೆ ಕೊಟ್ಟ ಬಣ್ಣ ಹಳದಿ. ಈಗ ಗಡಿಯ ಆಚೆ ಹೋಗಿ. ಸಾಂಗಲಿಯ ಪೇಟೆ ಅರಿಷಿಣಕ್ಕೆ ದೇಶದಲ್ಲೇ ಹೆಸರಾದದ್ದು. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಸೂಚಕವೂ ಸಿಕ್ಕಿತು. ಅಲ್ಲಿಯ ಅಡತಿಯಲ್ಲಿ ಹಳದ ಎಂದರೆ ಚೀಲದಲ್ಲಿ ತುಂಬಿ ತೂಗುವ ಬೇರು, ನೂರಕ್ಕೆ ನೂರು ನಾಮಪದ. ಬಣ್ಣಕ್ಕೆ ಅವರ ಮಾತು ಪಿವಳಾ. ನಮ್ಮಲ್ಲಿ ಬೇರಿಗೆ ಅರಿಷಿಣ, ಬಣ್ಣಕ್ಕೆ ಹಳದಿ. ಒಂದೇ ಪದ, ಕೃಷ್ಣೆಯ ಆ ಕಡೆ ಚೀಲದಲ್ಲಿ ಕೂತಿದೆ, ಈ ಕಡೆ ಸೀರೆಯ ಮೇಲೆ, ಗೋಡೆಯ ಮೇಲೆ, ಅವ್ವನ ತಲೆಯ ಮೇಲೆ ಕೂತಿದೆ. ರಾಯಬಾಗದ ಒಕ್ಕಲಿಗ ತನ್ನ ಅರಿಷಿಣವನ್ನು ಸಾಂಗಲಿಗೆ ಒಯ್ದರೆ ದಾರಿಯಲ್ಲಿ ಅದರ ಹೆಸರು ಬದಲಾಗುತ್ತದೆ. ಮನೆಯಲ್ಲಿ ಬಣ್ಣವಾಗಿದ್ದ ಪದ ಪೇಟೆಯಲ್ಲಿ ಮಾಲಾಗುತ್ತದೆ.

ಊರಿನ ಗಡಿ ದಾಟಿದಾಗ ಪದವೊಂದು ತನ್ನ ಶಬ್ದಜಾತಿಯನ್ನೇ ಬದಲಿಸುತ್ತದೆ ಎಂಬುದು ನಾನು ಇಷ್ಟು ವರ್ಷ ಈ ಊರುಗಳಲ್ಲಿ ಬಾಳಿ ಕಂಡ ಸಂಗತಿ. ಕುರುಳು ನೋಡಿ. ನಮ್ಮಲ್ಲಿ ಕುರುಳೆಂದರೆ ಹಣೆಯ ಮೇಲೆ ಇಳಿದ ಕೂದಲಿನ ಸುರುಳಿ, ನಾಮಪದ. ಮರಾಠಿಯಲ್ಲಿ ಕುರಳೆ ಕೇಸ ಎಂದರೆ ಗುಂಗುರು ಕೂದಲು. ಅಲ್ಲಿ ಅದು ಗುಣವಾಚಕ. ನಮ್ಮ ಕುರುಳೇ ನೆರೆಮನೆಗೆ ಹೋಗಿ ಬೇರೆ ಕೆಲಸ ಹಿಡಿಯಿತೆಂದು ನನ್ನ ನಂಬಿಕೆ. ನಶ್ಯಕ್ಕೆ ನಮ್ಮ ಕಡೆಯೂ ತಪಕೀರ ಎನ್ನುತ್ತೇವೆ. ಮರಾಠಿ ಅದರಿಂದ ತಪಕಿರಿ ಎಂದು ಬಣ್ಣವನ್ನೇ ಮಾಡಿಕೊಂಡಿತು, ಕಂದು ಬಣ್ಣಕ್ಕೆ. ತಂಬಾಕಿನ ಊರು ನಿಪ್ಪಾಣಿಯಲ್ಲಿ, ವಖಾರಿಯಿಂದ ಸಂಜೆ ಹೊರಬೀಳುವ ಹೆಂಗಸರ ಸೆರಗು, ಹುಬ್ಬು, ಮುಂದಲೆ ಎಲ್ಲಕ್ಕೂ ಆ ದೂಳಿನದೇ ಬಣ್ಣ. ಅದಕ್ಕೆ ಅವರಿಗೆ ತಪಕಿರಿ ಎಂಬ ಮಾತು ಸಾಲದೆ ಹೋಗುವುದಿಲ್ಲ. ಕನ್ನಡದ ಕಂದು ಬೇರೆಯದೇ ಹಾದಿಯದು. ಕಂದು ಮೊದಲು ಕ್ರಿಯಾಪದ. ಮುಖ ಕಂದಿತು, ಹೂವು ಕಂದಿತು ಎನ್ನುತ್ತೇವೆ. ಬಾಡಿ ಬಣ್ಣಗೆಡುವ ಕೆಲಸದ ಹೆಸರೇ ಬಣ್ಣದ ಹೆಸರಾಗಿ ನಿಂತಿತು.

ನಿಪ್ಪಾಣಿಗೆ ಬಂದೆವಲ್ಲ, ಅಲ್ಲಿಯ ಖಾನಾವಳಿಯೊಂದರಲ್ಲಿ ಕೂಡೋಣ. ಕೊಲ್ಹಾಪುರ ಕೂಗಳತೆಯಲ್ಲಿದೆ, ಅಲ್ಲಿಯ ಎರಡು ರಸ್ಸಾಗಳು ನಿಪ್ಪಾಣಿಯ ತಾಟಿನಲ್ಲೂ ಇವೆ. ಒಂದು ವಾಟಿಯಲ್ಲಿ ತಾಂಬಡಾ ರಸ್ಸಾ, ಒಣಮೆಣಸಿನಕಾಯಿಯ ಕೆಂಪು; ಇನ್ನೊಂದರಲ್ಲಿ ಪಾಂಢರಾ ರಸ್ಸಾ, ಕೊಬ್ಬರಿ ಹಾಲಿನ ಬಿಳುಪು. ಮರಾಠಿಯಲ್ಲಿ ಆ ಎಂದು ಮುಗಿಯುವ ಬಣ್ಣದ ಮಾತು ತಾನು ಸೇರುವ ನಾಮಪದದ ಲಿಂಗ, ವಚನ ನೋಡಿ ರೂಪ ಬದಲಿಸಬೇಕು. ರಸ್ಸಾ ಪುಲ್ಲಿಂಗ, ಅದಕ್ಕೇ ತಾಂಬಡಾ ರಸ್ಸಾ. ಮಣ್ಣು ಸ್ತ್ರೀಲಿಂಗ, ತಾಂಬಡೀ ಮಾತೀ. ಕುದುರೆಯಾದರೆ ಕಾಳಾ ಘೋಡಾ, ಹಸುವಾದರೆ ಕಾಳೀ ಗಾಯ, ಕೂದಲಾದರೆ ಕಾಳೇ ಕೇಸ. ಕನ್ನಡದ ಕರಿ ಯಾರ ಮುಂದೆಯೂ ರೂಪ ಬದಲಿಸುವುದಿಲ್ಲ: ಕರಿ ಕುದುರಿ, ಕರಿ ಆಕಳ, ಕರಿ ಕೂದಲಾ. ಅದೇ ಖಾನಾವಳಿಯಲ್ಲಿ ಕನ್ನಡದವನೊಬ್ಬ ಊಟ ಮಾಡುತ್ತ “ತಮ್ಮಾ, ಇನ್ನೊಂದ ವಾಟಿ ತಾಂಬಡಾ ತಾ” ಎನ್ನುತ್ತಾನೆ. ರಸ್ಸಾ ಎಂಬ ಮಾತೇ ಬರಲಿಲ್ಲ. ಮರಾಠಿಯ ಗುಣವಾಚಕ ಅವನ ಬಾಯಲ್ಲಿ ನಾಮಪದವಾಯಿತು. ಅದಕ್ಕೆ ಕನ್ನಡದ ವಿಭಕ್ತಿಯೂ ಹತ್ತುತ್ತದೆ. ತಾಂಬಡಾಕ್ಕ ಉಪ್ಪ ಕಡಿಮಿ ಆಗೇತಿ ಎಂದು ದೂರುವವರಿದ್ದಾರೆ. ಕಡೆಗೆ ತಾಟು ಖಾಲಿಯಾದಾಗ ಅವನ ಬೆರಳೂ ಮೀಸೆಯ ತುದಿಯೂ ಕೆಂಪಗಿರುತ್ತವೆ.

ಬಣ್ಣದ ಗಾಢತೆ ಹೇಳುವುದರಲ್ಲಿ ಮರಾಠಿಯ ಸೊಗಸು ದೊಡ್ಡದು, ಅದನ್ನು ಒಪ್ಪಲೇಬೇಕು. ಕಾಳಾಕುಟ್ಟ, ಪಾಂಢರಾಶುಭ್ರ, ಹಿರವಾಗಾರ, ಪಿವಳಾಧಮಕ, ಲಾಲಭಡಕ. ಒಂದೊಂದು ಬಣ್ಣಕ್ಕೂ ಒಂದೊಂದು ಬಾಲ. ಒಂದರದು ಇನ್ನೊಂದಕ್ಕೆ ಹೊಂದದು. ಕನ್ನಡ ಅದನ್ನು ಮುಂದಲೆಯಲ್ಲಿ ಮುಡಿಯುತ್ತದೆ: ಕಡುಗಪ್ಪು, ಅಚ್ಚಬಿಳಿ, ಹಚ್ಚಹಸಿರು. ಕಾಗವಾಡದ ಮದುವೆಯೊಂದರಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಸೀರೆಯನ್ನು ನೋಡುತ್ತಿದ್ದರು. ಮೀರಜಿಗೆ ಕೊಟ್ಟ ಅಕ್ಕ ಲಾಲಭಡಕ ಎಂದಳು, ಊರಲ್ಲೇ ಇದ್ದ ತಂಗಿ ಕೆಂಪಂದರ ಕೆಂಪ ಎಂದಳು. ಸೀರೆ ಇಬ್ಬರಿಗೂ ಇಷ್ಟವಾಗಿತ್ತು.

ಇಂಥ ಮಾತನ್ನು ಕಲಬೆರಕೆ ಎಂದು ಮೂಗು ಮುರಿಯುವವರನ್ನು ನಾನು ತರಬೇತಿ ಶಿಬಿರಗಳಲ್ಲಿ ಬಹಳ ಕಂಡಿದ್ದೇನೆ. ಅವರಿಗೆಲ್ಲ ಕುಪವಾಡದ ಕತೆ ಹೇಳಬೇಕೆನ್ನಿಸುತ್ತದೆ. ಕುಪವಾಡ ಸಾಂಗಲಿಯ ಮಗ್ಗುಲಿನ ಊರು, ಕಾಗವಾಡದಿಂದ ದೂರವೇನಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬವರು ಅಲ್ಲಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಲೋಕದ ಭಾಷಾವಿಜ್ಞಾನದ ತರಗತಿಗಳಲ್ಲೆಲ್ಲ ಪಾಠವಾಗಿದೆ. ಆಗ ಸುಮಾರು 3000 ಜನಸಂಖ್ಯೆಯ ಹಳ್ಳಿ ಅದು. ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುವವರು. ಜೊತೆಗೆ ಮರಾಠಿ, ಉರ್ದು ಮತ್ತು ತೆಲುಗಿನ ಮನೆಗಳು. ಯಾರೂ ತಮ್ಮ ಭಾಷೆ ಬಿಟ್ಟಿರಲಿಲ್ಲ. ಆದರೆ ದಿನಾ ಕೂಡಿ ದುಡಿದು, ಕೊಟ್ಟು ತಗೊಂಡು, ಕನ್ನಡ, ಮರಾಠಿ, ಉರ್ದು ಮೂರರ ವಾಕ್ಯರಚನೆ ಒಂದೇ ಅಚ್ಚಿಗೆ ಬಂದುಬಿಟ್ಟಿತ್ತು. ಪದಗಳು ಬೇರೆ, ಅವುಗಳನ್ನು ಹೆಣೆಯುವ ಹೆಣಿಗೆ ಒಂದೇ.

ಅದರಲ್ಲಿ ಒಂದು ಸಂಗತಿ ನಮ್ಮ ಕೂದಲಿಗೇ ಬಂದು ತಾಗುತ್ತದೆ. ಪುಸ್ತಕದ ಕನ್ನಡದಲ್ಲಿ ನನ್ನ ಕೂದಲು ಕಪ್ಪು ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಮರಾಠಿಯಲ್ಲಿ ಮಾಝೇ ಕೇಸ ಕಾಳೇ ಆಹೇತ. ಕೊನೆಯ ಆ ಆಹೇತ ಇಲ್ಲದಿದ್ದರೆ ವಾಕ್ಯ ಕುಂಟುತ್ತದೆ. ಕುಪವಾಡದ ಕನ್ನಡವೂ ಹಾಗೆಯೇ ಐತಿಯನ್ನು ಕೇಳುತ್ತದೆ ಎಂದು ಆ ಇಬ್ಬರು ಬರೆದರು. ಅಲ್ಲಿಯದೇಕೆ, ನಮ್ಮ ಮನೆಯದೂ ಅದೇ. “ನಂದ ಕೂದಲಾ ಕರಿ ಅದಾವ್ರಿ” ಎನ್ನುತ್ತಾರೆ ನಮ್ಮವರು. ನನ್ನ ಎನ್ನುವ ಕಡೆ ನಂದ ಬಂತು, ಕೊನೆಗೆ ಅದಾವ ಬಂತು. ಕನ್ನಡದ ಒಂದೊಂದು ಪದವೂ ಕನ್ನಡದ್ದೇ, ಸಾಲಿನ ನಡಿಗೆ ಇಡೀ ಓಣಿಯದು. ನೂರಾರು ವರ್ಷ ಒಂದೇ ಬಾವಿಯ ನೀರು ಸೇದಿದವರ ಮಾತು ಹೀಗಲ್ಲದೆ ಹೇಗಿದ್ದೀತು? ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಈ ಸೀಮೆಯ ಒಕ್ಕಲು ಮನೆಗಳ ಬದುಕನ್ನು ಬರೆದರು. ಇಲ್ಲಿಯ ಮಾತು ಇದ್ದ ಹಾಗೆಯೇ ಕಾಗದದ ಮೇಲೆ ನಿಲ್ಲಬಲ್ಲದು ಎಂದು ನನಗೆ ಮೊದಲು ತೋರಿಸಿಕೊಟ್ಟವರು ಅವರು. ಹುಡುಗನಾಗಿದ್ದಾಗ ಅದನ್ನು ಓದಿ, ನಮ್ಮ ಮನೆಯ ಪಡಸಾಲೆಯೇ ಪುಸ್ತಕದೊಳಗೆ ಹೋಗಿ ಕೂತಿತೆನ್ನಿಸಿತ್ತು.

ಶೇಡಬಾಳವೆಂದಾಗ ಕೂದಲಿನ ಇನ್ನೊಂದು ಮಾತು ನೆನಪಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳು ಜೈನ ಮುನಿಗಳ ತವರು. ಆಚಾರ್ಯ ಶಾಂತಿಸಾಗರರು, 1872ರಲ್ಲಿ ಹುಟ್ಟಿ 1955ರಲ್ಲಿ ಕುಂಥಲಗಿರಿಯಲ್ಲಿ ದೇಹ ಬಿಟ್ಟವರು, ನಿಪ್ಪಾಣಿ ಹತ್ತಿರದ ಭೋಜದವರು. 2024ರಲ್ಲಿ ತೀರಿಕೊಂಡ ಆಚಾರ್ಯ ವಿದ್ಯಾಸಾಗರರು ಚಿಕ್ಕೋಡಿ ಕಡೆಯ ಸದಲಗಾದವರು. ದಿಗಂಬರ ಮುನಿಗಳು ಕತ್ತರಿ, ಕತ್ತಿ ಮುಟ್ಟುವುದಿಲ್ಲ; ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಯ ಕೂದಲನ್ನು ಬೆರಳಿಂದಲೇ ಕೀಳುತ್ತಾರೆ. ನಾನು ಒಮ್ಮೆ ಬಸದಿಯ ಅಂಗಳದಲ್ಲಿ ಹತ್ತಿರ ಕೂತು ನೋಡಿದ್ದೇನೆ. ಬೆರಳಿಗೆ ಬೂದಿ, ಒಂದೊಂದು ಹಿಡಿತಕ್ಕೆ ಹತ್ತಾರು ಎಳೆ, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಸುತ್ತ ಕೂತ ಹೆಂಗಸರು ಸೆರಗೊಡ್ಡಿ ಆ ಕೂದಲನ್ನು ಹಿಡಿದುಕೊಳ್ಳುತ್ತಿದ್ದರು. ಅದಕ್ಕೆ ಹೆಸರು ಕೇಶಲೋಚ. ಅಲ್ಲಿ ಕೂದಲು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮುನಿಯ ತಲೆಯ ಮೇಲಿದ್ದದ್ದು ಕೇಶ. ಅದೇ ಹೊತ್ತಿಗೆ ನನ್ನ ತಲೆಯ ಮೇಲಿದ್ದದ್ದು ಕೂದಲಾ. ಮರಾಠಿಯ ನೆರೆಯವರದು ಕೇಸ. ಕೂಸಿನದಾದರೆ ಜಾವಳ. ಜಾವಳವೆಂದರೆ ಹುಟ್ಟುಗೂದಲೂ ಹೌದು, ಅದನ್ನು ತೆಗೆಸುವ ಕಾರ್ಯವೂ ಹೌದು. ಸೋದರಮಾವನ ತೊಡೆಯ ಮೇಲೆ ಕೂತು ಕಿರುಚುವ ಕೂಸು, ಮಡಿಲಿಗೆ ಬೀಳುವ ಮೊದಲ ಎಳೆ. ಕುರಿಯದಾದರೆ ಉಣ್ಣಿ. ತೊಗಲಿನ ಮೇಲಿನದಾದರೆ ರೋಮ. ಅಥಣಿ, ಮದಭಾವಿ ಕಡೆಯ ಚಪ್ಪಲಿ ಮಾಡುವ ಮನೆಗಳಿಗೆ ಬರುವ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಆ ರೋಮವನ್ನು ಕೆರೆದು ತೆಗೆಯುತ್ತಾರೆ, ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಯ ನೀರು ಆ ತೊಗಲಿಗೆ ತನ್ನ ಕೆಂಚು ಬಣ್ಣ ಕೊಡುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೂ ಸೇರಿದ್ದು. ಚಪ್ಪಲಿಯಾದರೂ ಗಡಿಯನ್ನು ಎರಡೂ ಕಾಲಿನಿಂದ ತುಳಿಯಿತಲ್ಲ ಎಂದು ನನಗೆ ಸಮಾಧಾನ.

ಕೊನೆಗೆ ನರೆ. ಹುಡುಗಿಗೆ ಎರಡು ಕಾಟು ತಂದ ಪದ. ನರೆ ಬಂತು ಎಂದರೆ ನಾಮಪದ. ಕೂದಲು ನರೆಯಿತು, ನರೆತ ತಲೆ ಎಂದರೆ ಕ್ರಿಯಾಪದ. ನರೆಗೂದಲು ಎಂದು ಸಮಾಸ ಮಾಡಿದರೆ ಗುಣವಾಚಕದ ಕೆಲಸ. ಇಂಗ್ಲಿಷಿನವರು ಬೂದುಬಣ್ಣ ಎಂದು ಬಣ್ಣ ಹೇಳಿ ಸುಮ್ಮನಾಗುತ್ತಾರೆ. ಕನ್ನಡಕ್ಕೆ ಇದಕ್ಕೆಂದೇ ಬೇರೆ ಧಾತು ಇದೆ. ಗೋಡೆ ನರೆಯುವುದಿಲ್ಲ, ಬಟ್ಟೆ ನರೆಯುವುದಿಲ್ಲ. ನರೆಯುವುದು ಕೂದಲು ಮಾತ್ರ. ಮುಪ್ಪು ಮತ್ತು ಬಿಳುಪು ಒಂದೇ ಪದದೊಳಗೆ ಸೇರಿ, ಅಲ್ಲಿಂದ ಕಾಲದ ಪ್ರತ್ಯಯ ಹೊತ್ತು ನಡೆಯುತ್ತದೆ. ಇಂಥ ಪದವನ್ನು ಎರಡು ಮನೆಯಲ್ಲಿ ಬರೆದವಳಿಗೆ ನಾನಾಗಿದ್ದರೆ ಎರಡು ಅಂಕ ಕೊಡುತ್ತಿದ್ದೆ. ಹಾಗೆಂದು ಹುಡುಗಿಗೆ ಹೇಳಿದೆ, ಆ ಅಕ್ಕೋರಿಗೊಂದು ಚೀಟಿಯನ್ನೂ ಬರೆದುಕೊಟ್ಟೆ. ಅವರು ಅದನ್ನು ಓದಿ, ಮರುದಿನ ವರ್ಗದಲ್ಲಿ ನರೆಯ ಮೇಲೆ ಹದಿನೈದು ನಿಮಿಷ ಮಾತಾಡಿದರಂತೆ. ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಯಾರ್‍ಯಾರಿಗೆ ನರೆ ಬಂದಿದೆ ಎಂದು ಎಣಿಸಿ ಹೇಳಿದರಂತೆ.

ಆ ವಾರದ ಕೊನೆಗೆ ಕಟಿಂಗಿಗೆ ಹೊರಟೆ. ಹುಡುಗಿಯೂ ಬೆನ್ನು ಹತ್ತಿದಳು, ವಹಿ ಹಿಡಿದುಕೊಂಡೇ. ಅಂಗಡಿಯವ ನನ್ನ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಹಣಿಗೆಯಿಂದ ಹಿಂದಲೆಯ ಕೂದಲೆತ್ತಿ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿ ಕೇಳಿದ.

“ಮಾಮಾ, ಕರಿ ಮಾಡ್ಲೇನ್ರಿ?”

ಬೆಂಚಿನ ಮೇಲಿಂದ ಪಿಸುಮಾತು ಬಂತು. “ಅಜ್ಜಾ, ಇಲ್ಲಿ ಕರಿ ಅನ್ನೂದ ಏನ?”

ನಾನು ಯೋಚಿಸಿದೆ. ಕರಿ ಕೂದಲಾ ಎನ್ನುವಾಗಿನ ಕರಿ ಅಲ್ಲ ಇದು. ಮಾಡು ಎಂಬುದರ ಮಗ್ಗುಲಲ್ಲಿ ಕೂತು ಅದರೊಳಕ್ಕೇ ಸೇರಿಕೊಂಡಿದೆ. ಸಣ್ಣ ಮಾಡು, ಚೊಕ್ಕ ಮಾಡು ಎಂಬ ಹಾಗೆ. ಹಣಿಗೆ ನನ್ನ ತಲೆಯ ಮೇಲೆ ಹಾಗೆಯೇ ನಿಂತಿತ್ತು. ಕನ್ನಡಿಯಲ್ಲಿ ಅವ್ವನ ಕೂದಲಿನಂಥದೇ ಬಿಳುಪು ಕಂಡಿತು, ಭಂಡಾರವೊಂದು ಬಿದ್ದಿರಲಿಲ್ಲ.

“ಬ್ಯಾಡಪಾ,” ಎಂದೆ, “ಬೆಳ್ಳಗ ಇರಲಿ.”

ಹುಡುಗಿ ಬೆಂಚಿನ ಮೇಲೆ ವಹಿ ತೆರೆದು, ಕೋಷ್ಟಕದ ಬಲಕ್ಕೆ ಸ್ಕೇಲ್ ಇಟ್ಟು ನಾಲ್ಕನೆಯ ಮನೆಯ ಗೆರೆ ಎಳೆಯುತ್ತಿದ್ದಳು.